ಮೂಗುತಿ ಕೊಟ್ಟವಳಿಗೊಂದು ಹಾಡು

ರಾಯಚೂರಿನಿಂದ ಮಂತ್ರಾಲಯದ ಬಸ್ಸು ಹತ್ತಿದರೆ ದಾರಿಯಲ್ಲಿ ಯರಗೇರಾ ಸಿಗುತ್ತದೆ. ಗುರುವಾರವಾದರೆ ಬಸ್ಸಿನ ತುಂಬ ರಾಯರ ದರ್ಶನಕ್ಕೆ ಹೊರಟವರು. ಮಡಿಲಲ್ಲಿ ಹೂವಿನ ಪೊಟ್ಟಣ, ಕಾಲ ಬಳಿ ಬುತ್ತಿಯ ಚೀಲ. ಊರು ದಾಟಿ ಹೊಲಗಳು ಶುರುವಾಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರೋ ಒಬ್ಬಾಕೆ ಸಣ್ಣ ದನಿಯಲ್ಲಿ ದಾಸರ ಪದ ಎತ್ತಿಕೊಳ್ಳುತ್ತಾಳೆ. ಪಕ್ಕದಾಕೆ ದನಿಗೂಡಿಸುತ್ತಾಳೆ. ಎರಡನೆಯ ನುಡಿಗೆ ಅರ್ಧ ಬಸ್ಸೇ ಹಾಡುತ್ತಿರುತ್ತದೆ. ಪುಸ್ತಕ ಬೇಡ, ಶ್ರುತಿಪೆಟ್ಟಿಗೆ ಬೇಡ. ಈ ಸೀಮೆಯಲ್ಲಿ ದಾಸರ ಪದವನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಅಡುಗೆಮನೆಯಲ್ಲೇ ಕಿವಿಗೆ ಬಿದ್ದಿರುತ್ತದೆ.

ಹಾಗೆ ಹಾಡುವ ಪದಗಳಲ್ಲಿ ಒಂದು ‘ಆದದ್ದೆಲ್ಲ ಒಳಿತೇ ಆಯಿತು’. ಪುರಂದರದಾಸರದ್ದು. ಅದನ್ನು ನಾವು ಸಮಾಧಾನದ ಹಾಡೆಂದೇ ತಿಳಿದಿದ್ದೇವೆ. ನಷ್ಟವಾದಾಗ, ನೌಕರಿ ಕೈ ತಪ್ಪಿದಾಗ, ನಿಶ್ಚಯವಾದ ಮದುವೆ ಮುರಿದಾಗ ಹಿರಿಯರು ಮೊದಲ ಸಾಲು ಹೇಳಿ ಬೆನ್ನು ತಟ್ಟುತ್ತಾರೆ. ಆದರೆ ಮೊದಲ ಸಾಲಿಗೇ ನಿಲ್ಲದೆ ಮುಂದಿನ ನುಡಿಗಳನ್ನು ಗಮನವಿಟ್ಟು ಕೇಳಿ. ಅದು ಒಬ್ಬ ಗಂಡ ತನ್ನ ಹೆಂಡತಿಯನ್ನು ನೆನೆದು ಕಟ್ಟಿದ ಹಾಡು.

ಗಂಡ ಹೆಂಡಿರ ಪ್ರೀತಿಯ ಹಾಡು ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. ಅದು ಬಂದದ್ದು 1942ರಲ್ಲಿ. ಅದಕ್ಕೆ ನಾಲ್ಕು ಶತಮಾನ ಹಿಂದೆಯೇ, ಕರ್ನಾಟಕ ಸಂಗೀತದ ಪಿತಾಮಹ ಎನಿಸಿಕೊಂಡ ಸಂಗೀತಗಾರನೊಬ್ಬ ತನ್ನ ಹೆಂಡತಿಯ ಋಣವನ್ನು ಊರ ಮುಂದೆ ಹಾಡಿ ಒಪ್ಪಿಕೊಂಡಿದ್ದ. ಅದರಲ್ಲಿ ಮಲ್ಲಿಗೆ ಇಲ್ಲ, ಬೆಳದಿಂಗಳಿಲ್ಲ. ಇರುವುದು ಒಂದು ತಂಬೂರಿ ಮತ್ತು ಒಂದು ಭಿಕ್ಷೆಯ ಬುಟ್ಟಿ.

ನವಕೋಟಿಯ ಮನೆ, ಒಂದು ಮೂಗುತಿ

ಕತೆ ನಿಮಗೆ ಗೊತ್ತು. ಆದರೂ ಇನ್ನೊಮ್ಮೆ ಹೇಳಬೇಕು. ಈ ಸಲ ದಾಸರ ಕಡೆಯಿಂದಲ್ಲ, ಮನೆಯಾಕೆಯ ಕಡೆಯಿಂದ.

ಆತನ ಹೆಸರು ಶ್ರೀನಿವಾಸ ನಾಯಕ. ಮನೆಯಲ್ಲಿ ಶೀನಪ್ಪ. ತಂದೆ ವರದಪ್ಪ ನಾಯಕರ ಕಾಲದಿಂದ ಬಂದ ಚಿನ್ನ, ರತ್ನ, ಒತ್ತೆಯ ವ್ಯಾಪಾರ. ಜನ ‘ನವಕೋಟಿ ನಾರಾಯಣ’ ಎಂದು ಕರೆಯುವಷ್ಟು ಸಿರಿ. ಹುಟ್ಟಿದ್ದು 1484ರಲ್ಲಿ ಎಂದು ಪರಂಪರೆ ಹೇಳುತ್ತದೆ. ಊರು ಪುಣೆಯ ಬಳಿಯ ಪುರಂದರಗಡ ಎಂಬುದು ಹಳೆಯ ನಂಬಿಕೆ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆ ಎಂಬುದು ಇತ್ತೀಚೆಗೆ ಬಲಗೊಂಡಿರುವ ವಾದ. ಹೆಂಡತಿಯ ಹೆಸರು ಸರಸ್ವತಿ. ಕೆಲವು ಕಡೆ ಲಕ್ಷ್ಮೀಬಾಯಿ ಎಂದೂ ಹೇಳುವುದುಂಟು.

ಒಂದು ದಿನ ಅಂಗಡಿಗೆ ಒಬ್ಬ ಬಡ ಬ್ರಾಹ್ಮಣ ಬಂದ. ಮಗನ ಮುಂಜಿಗೆ ದುಡ್ಡು ಬೇಕಿತ್ತು. ‘ನಾಳೆ ಬಾ’ ಎಂದ ನಾಯಕ. ನಾಳೆ ಬಂದ, ನಾಡಿದ್ದು ಬಂದ, ಆರು ತಿಂಗಳು ಅಲೆದ. ಕೊನೆಗೆ ನಾಯಕ ಸವೆದ ಕಾಸುಗಳ ರಾಶಿಯನ್ನು ಮುಂದಕ್ಕೆ ಚೆಲ್ಲಿ, ಇದರಲ್ಲಿ ಒಂದನ್ನು ಆರಿಸಿಕೋ ಎಂದನಂತೆ. ಬ್ರಾಹ್ಮಣ ಅಲ್ಲಿಂದ ಎದ್ದು ನೇರ ನಾಯಕನ ಮನೆಯ ಹಿತ್ತಿಲ ಬಾಗಿಲಿಗೆ ಹೋದ.

ಅಲ್ಲಿ ಸರಸ್ವತಿ ಹೇಳಿದ್ದೇನು? ‘ಕೊಡಲು ನನ್ನ ಹತ್ತಿರ ಏನೂ ಇಲ್ಲ.’ ನವಕೋಟಿಯ ಮನೆಯ ಯಜಮಾನಿಯ ಮಾತು ಇದು! ಆಕೆ ಸುಳ್ಳು ಹೇಳಲಿಲ್ಲ. ಮನೆಯಲ್ಲಿದ್ದದ್ದೆಲ್ಲ ಗಂಡನದು. ಒಂದು ಕಾಸು ಕೊಡಬೇಕಾದರೂ ಗಂಡನ ಬೀಗದ ಕೈ ಬೇಕು. ಆಗ ಬ್ರಾಹ್ಮಣ ಕೇಳಿದ: ‘ತಾಯಿ, ನಿಮ್ಮ ಮೂಗಿನಲ್ಲಿರುವುದು ನಿಮ್ಮದಲ್ಲವೇ? ತವರಿನವರು ಕೊಟ್ಟದ್ದಲ್ಲವೇ?’

ಹಳೆಯ ಕಾಲದ ಹೆಣ್ಣಿಗೆ ತನ್ನದು ಎನ್ನುವ ಆಸ್ತಿ ಅಷ್ಟೇ. ತವರಿನಿಂದ ಬಂದ ಒಡವೆ. ಧರ್ಮಶಾಸ್ತ್ರ ಅದನ್ನು ಸ್ತ್ರೀಧನ ಎಂದು ಕರೆಯಿತು. ಬಂದವನು ಗಂಡನ ಸೊತ್ತು ಕದ್ದು ಕೊಡು ಎನ್ನಲಿಲ್ಲ, ನಿನ್ನದನ್ನು ಕೊಡು ಎಂದ. ಆಕೆ ಬಿಚ್ಚಿ ಕೊಟ್ಟಳು. ಅಷ್ಟು ದೊಡ್ಡ ಮನೆಯಲ್ಲಿ ಆಕೆ ಸ್ವಂತ ಬುದ್ಧಿಯಿಂದ ಕೊಡಬಹುದಾದದ್ದು ಅದೊಂದೇ.

ಬ್ರಾಹ್ಮಣ ಮೂಗುತಿಯನ್ನು ಒಯ್ದದ್ದು ನಾಯಕನ ಅಂಗಡಿಗೇ. ಆತ ನೋಡಿದ ಕೂಡಲೇ ಗುರುತು ಹಿಡಿದ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹಣಕ್ಕೆ ನಾಳೆ ಬಾ ಎಂದು ಹೇಳಿ ಮನೆಗೆ ಬಂದ. ‘ಮೂಗುತಿ ಎಲ್ಲಿ?’

ಈ ಪ್ರಶ್ನೆ ಕೇಳಿದ ಹೆಂಗಸು ಏನು ಮಾಡಿದಳೆಂದು ನಾವು ಸರಸರನೆ ಹೇಳಿ ದಾಟಿಬಿಡುತ್ತೇವೆ. ಪವಾಡ ಮುಂದೆ ಕಾಯುತ್ತಿರುತ್ತದಲ್ಲ! ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಆಕೆ ಗಂಡನ ಎದುರು ನಿಂತು ‘ಕೊಟ್ಟೆ’ ಎನ್ನಲಿಲ್ಲ. ಎನ್ನುವ ಧೈರ್ಯ ಇರಲಿಲ್ಲ. ದೇವರ ಮನೆಗೆ ಹೋಗಿ ಬಟ್ಟಲಲ್ಲಿ ವಿಷ ಕಲಸಿದಳು. ತನ್ನದೇ ಒಡವೆಯನ್ನು ಕೊಟ್ಟದ್ದಕ್ಕೆ ಸಾಯಲು ಸಿದ್ಧಳಾದಳು. ಆ ಮದುವೆಯಲ್ಲಿ ಅವತ್ತಿನವರೆಗೂ ಎಂಥ ಭಯ ಇದ್ದಿರಬೇಕು ನೋಡಿ. ಬಟ್ಟಲು ತುಟಿಗೆ ತಗಲುವ ಮೊದಲು ಅದರೊಳಗೆ ಟಣ್ ಎಂದು ಏನೋ ಬಿತ್ತು. ನೋಡಿದರೆ ಅದೇ ಮೂಗುತಿ.

ನಾಯಕ ಅಂಗಡಿಗೆ ಓಡಿ ಪೆಟ್ಟಿಗೆ ತೆರೆದ. ಖಾಲಿ. ತಿರುಗಿ ಬಂದು ಹೆಂಡತಿಯನ್ನು ಕೇಳಿದ. ಈಗ ಆಕೆ ನಡೆದದ್ದನ್ನೆಲ್ಲ ಹೇಳಿದಳು. ಮೂಗುತಿ ಕೇಳಿ ಬಂದವನು ವಿಠಲನೇ ಎಂದು ಭಕ್ತರು ನಂಬುತ್ತಾರೆ. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಈ ಕತೆಯಲ್ಲಿ ಗಂಡ ಮೊದಲ ಸಲ ಹೆಂಡತಿಯ ಮಾತನ್ನು ಕುಳಿತು ಕೇಳಿದ್ದು ಅವತ್ತೇ. ಕೇಳಿ ಮುಗಿಯುವ ಹೊತ್ತಿಗೆ ಆತ ನವಕೋಟಿ ನಾರಾಯಣ ಆಗಿ ಉಳಿದಿರಲಿಲ್ಲ. ಇದ್ದದ್ದೆಲ್ಲವನ್ನೂ ಕೃಷ್ಣಾರ್ಪಣ ಎಂದು ಬಿಟ್ಟು ಹೆಂಡತಿ ಮಕ್ಕಳೊಡನೆ ಹೊರಟ.

ಚಿನ್ನದ ಬಟ್ಟಲು, ಅಕ್ಕಿಯ ಕಲ್ಲು

ಹೆಂಡತಿ ಅಂದೇ ದೇವತೆಯಾಗಿಬಿಟ್ಟಳೇ? ಇಲ್ಲ. ನಮ್ಮ ಅಜ್ಜಿಯಂದಿರು ಹೇಳುವ ಕತೆಯಲ್ಲಿ ಮುಂದಿನ ಭಾಗ ಇನ್ನೂ ಚೆನ್ನಾಗಿದೆ.

ಕಾಡು ದಾರಿಯಲ್ಲಿ ನಡೆಯುತ್ತಿದ್ದಾಗ ಸರಸ್ವತಿಗೆ ಹೆದರಿಕೆ. ‘ಕಳ್ಳರು ಬಂದರೆ?’ ದಾಸರಿಗೆ ಅಚ್ಚರಿ. ಏನೂ ಇಲ್ಲದವರಿಗೆ ಕಳ್ಳರ ಭಯ ಯಾಕೆ? ಆಗ ಗೊತ್ತಾಯಿತು, ಮಕ್ಕಳಿಗೆ ನೀರು ಕುಡಿಸಲು ಇರಲಿ ಎಂದು ಆಕೆ ಸೆರಗಿನೊಳಗೆ ಒಂದು ಚಿನ್ನದ ಬಟ್ಟಲನ್ನು ಉಳಿಸಿಕೊಂಡಿದ್ದಳು. ದಾಸರು ಅದನ್ನು ಪೊದೆಗೆ ಎಸೆದು, ಇನ್ನು ಭಯವಿಲ್ಲ ನಡೆ ಎಂದರಂತೆ. ಮೂಗುತಿ ಕೊಟ್ಟ ಕೈಯೇ ಬಟ್ಟಲು ಮುಚ್ಚಿಟ್ಟಿತ್ತು. ತಾಯಿ ಕರುಳು, ಅದರಲ್ಲಿ ತಪ್ಪೇನಿದೆ? ಮೊದಲು ಹೆಂಡತಿ ಗಂಡನನ್ನು ತಿದ್ದಿದ್ದಳು, ಈಗ ಗಂಡ ಹೆಂಡತಿಯನ್ನು ತಿದ್ದಿದ.

ಮೂರನೆಯ ಪ್ರಸಂಗ ನಡೆಯುವುದು ವಿಜಯನಗರದಲ್ಲಿ. ದಾಸರು ವ್ಯಾಸರಾಯರಿಂದ ದೀಕ್ಷೆ ಪಡೆದು ಪುರಂದರವಿಠಲ ಎಂಬ ಅಂಕಿತದಿಂದ ಹಾಡುತ್ತ ಮನೆ ಮನೆ ತಿರುಗುತ್ತಿದ್ದಾರೆ. ಇವರ ವೈರಾಗ್ಯ ನಿಜವೋ ಸೋಗೋ ಎಂದು ಕೃಷ್ಣದೇವರಾಯನಿಗೆ ಅನುಮಾನ. ಅರಮನೆಯ ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಹಾಕಿಸಿದ. ಕೆಲವು ದಿನ ಕಳೆದ ಮೇಲೆ ದಾಸರ ಗುಡಿಸಲಿಗೆ ಹೋಗಿ ನೋಡಿದರೆ, ಮನೆಯಾಕೆ ಅಕ್ಕಿ ಆರಿಸುತ್ತಾ ಕೂತಿದ್ದಾಳೆ. ‘ಇತ್ತೀಚೆಗೆ ಅಕ್ಕಿಯಲ್ಲಿ ಕಲ್ಲು ಬಹಳ’ ಎಂದು ಗೊಣಗುತ್ತ ರತ್ನಗಳನ್ನು ತುಳಸಿಕಟ್ಟೆಯ ಪಕ್ಕಕ್ಕೆ ಎಸೆಯುತ್ತಿದ್ದಾಳೆ. ರಾಯ ಪರೀಕ್ಷೆ ಇಟ್ಟದ್ದು ದಾಸರಿಗೆ, ತೇರ್ಗಡೆಯಾದದ್ದು ಸರಸ್ವತಿ!

ಮೂಗುತಿ, ಬಟ್ಟಲು, ರತ್ನ. ಮೂರೂ ಚಿನ್ನಾಭರಣದ ಕತೆಗಳೇ. ಮೊದಲನೆಯದನ್ನು ಆಕೆ ಅಂಜುತ್ತ ಕೊಟ್ಟಳು, ಎರಡನೆಯದನ್ನು ಗುಟ್ಟಾಗಿ ಇಟ್ಟುಕೊಂಡಳು, ಮೂರನೆಯದನ್ನು ಕಲ್ಲೆಂದು ಎಸೆದಳು. ಇಬ್ಬರೂ ಒಬ್ಬರಿಂದ ಒಬ್ಬರು ಕಲಿತ ಸಂಸಾರ ಇದು.

ಹಾಡಿನಲ್ಲಿ ಮೂಗುತಿ ಇಲ್ಲ

ಈಗ ಹಾಡಿಗೆ ಬರೋಣ. ಆಶ್ಚರ್ಯವೆಂದರೆ ಹಾಡಿನಲ್ಲಿ ಮೂಗುತಿಯ ಸುದ್ದಿಯೇ ಇಲ್ಲ. ಬಡ ಬ್ರಾಹ್ಮಣ ಇಲ್ಲ, ವಿಷದ ಬಟ್ಟಲಿಲ್ಲ, ಪವಾಡವೂ ಇಲ್ಲ. ಆ ಕತೆಯನ್ನೆಲ್ಲ ನಮಗೆ ಉಳಿಸಿಕೊಟ್ಟವರು ಮುಂದಿನ ದಾಸರು, ಹರಿಕಥೆಯವರು, ಮನೆಯ ಅಜ್ಜಿಯರು. ದಾಸರು ತಮ್ಮ ಬಾಯಿಂದ ಹೇಳಿಕೊಂಡದ್ದು ತೀರ ಸರಳ.

ಮೂರು ನುಡಿಗಳಲ್ಲಿ ಮೂರು ವಸ್ತುಗಳು ಬರುತ್ತವೆ. ಒಂದು, ದಂಡಿಗೆ. ಹೆಗಲ ಮೇಲೆ ಹೊತ್ತು ಮೀಟುತ್ತ ಹೋಗುವ ದಾಸರ ತಂಬೂರಿ. ಎರಡು, ಗೋಪಾಳ ಬುಟ್ಟಿ. ಗೋಪಾಳ ಎಂದರೆ ದಾಸರ ಭಿಕ್ಷೆ, ಅದನ್ನು ಹಾಕಿಸಿಕೊಳ್ಳುವ ಬುಟ್ಟಿ. ಮೂರು, ಕೊರಳ ತುಳಸಿಮಾಲೆ. ಪ್ರತಿ ನುಡಿಯಲ್ಲೂ ಮೊದಲು ತಪ್ಪೊಪ್ಪಿಗೆ: ಇದನ್ನು ಹಿಡಿಯಲು ನನಗೆ ನಾಚಿಕೆಯಾಗುತ್ತಿತ್ತು, ದೊರೆಯಂತೆ ಬೀಗುತ್ತಿದ್ದೆ. ಆಮೇಲೆ, ಅದನ್ನು ಹಿಡಿಸಿದವರು ಯಾರು ಎಂಬ ಮಾತು. ದಂಡಿಗೆಯನ್ನು ಹಿಡಿಸಿದವಳು ಹೆಂಡತಿ. ಬುಟ್ಟಿಯನ್ನು ಹಿಡಿಸಿದವಳೂ ಹೆಂಡತಿ. ಅಂಥವಳ ಕುಲ ಸಾವಿರವಾಗಿ ಬೆಳೆಯಲಿ ಎಂದು ಹರಕೆ. ತುಳಸಿಮಾಲೆ ಹಾಕಿಸಿದವನು ಮಾತ್ರ ಪುರಂದರವಿಠಲ.

ಲೆಕ್ಕ ಹಾಕಿ ನೋಡಿ. ಹೆಂಡತಿಗೆ ಎರಡು, ದೇವರಿಗೆ ಒಂದು. ಲೇವಾದೇವಿ ಮಾಡಿ ಬದುಕಿದ್ದ ಮನುಷ್ಯ, ಋಣದ ಲೆಕ್ಕದಲ್ಲಿ ತಪ್ಪುವವನಲ್ಲ! ಅಂಕಿತ ಬರುವ ಕೊನೆಯ ನುಡಿಯಲ್ಲಿ ದೇವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ. ಅದಕ್ಕೂ ಮುಂಚೆ ಹೆಂಡತಿಯದನ್ನು ಚುಕ್ತಾ ಮಾಡಿದ.

ಅದರಲ್ಲೂ ಮೊದಲ ವಸ್ತು ದಂಡಿಗೆ ಎಂಬುದನ್ನು ಗಮನಿಸಬೇಕು. ದಂಡಿಗೆಯೇ ಆತನ ಸಂಗೀತ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಇವತ್ತಿಗೂ ದಕ್ಷಿಣ ಭಾರತದ ಯಾವ ಊರಿನಲ್ಲಿ ಮಗು ಸಂಗೀತ ಪಾಠಕ್ಕೆ ಕೂತರೂ ಈ ದಾರಿಯಲ್ಲೇ ನಡೆಯುತ್ತದೆ. ಆ ದಾರಿ ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ತಿರುವಯ್ಯಾರಿನ ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿದ್ದಾರೆ. ಆ ದಂಡಿಗೆಯನ್ನು ಕೈಗೆ ಕೊಟ್ಟವರು ಯಾರು ಎಂದು ದಾಸರನ್ನೇ ಕೇಳಿದ್ದರೆ, ಉತ್ತರ ಹಾಡಿನಲ್ಲೇ ಇದೆ.

ಇದು ಸಣ್ಣ ಮಾತಲ್ಲ. ದಾಸ ಸಾಹಿತ್ಯದಲ್ಲಿ ಹೆಂಡತಿ ಮಕ್ಕಳು ಎಂದರೆ ಸಾಮಾನ್ಯವಾಗಿ ಸಂಸಾರದ ಬಂಧನ. ಯಮನ ಭಟರು ಬಂದಾಗ ಸತಿಸುತರು ಕಾಯುವುದಿಲ್ಲ ಎಂಬ ಎಚ್ಚರಿಕೆ ಪದ ಪದದಲ್ಲೂ ಇದೆ. ಹೆಂಡತಿಯ ಕಾಟವನ್ನು ತಮಾಷೆಯಾಗಿ ಹೇಳುವ ಪದವೂ ಪುರಂದರದಾಸರ ಅಂಕಿತದಲ್ಲೇ ಇದೆ. ಅಂಥ ಪದಗಳ ನಡುವೆ ಈ ಒಂದು ಪದ ಬೇರೆಯಾಗಿ ನಿಲ್ಲುತ್ತದೆ. ಹೆಂಡತಿಯ ಮಾತು ಕೇಳಿ ಕೆಟ್ಟವರ ಕತೆಗಳನ್ನು ನಾವು ಕಟ್ಟೆಯ ಮೇಲೆ ಕೂತು ಬೇಕಾದಷ್ಟು ಹೇಳುತ್ತೇವೆ. ಹೆಂಡತಿಯಿಂದ ಬದುಕಿದೆ ಎಂದು ದನಿ ತೆಗೆದು ಹಾಡಿದ ಗಂಡಸರು ಎಷ್ಟು ಮಂದಿ?

ಹಾಗೆಂದು ಇದನ್ನು ಸುಖ ದಾಂಪತ್ಯದ ಹಾಡು ಎನ್ನಲು ಬರುವುದಿಲ್ಲ. ಕತೆಯನ್ನು ನಂಬುವುದಾದರೆ, ಯಾರು ತನ್ನ ಎದುರು ಬಾಯಿ ಬಿಡಲು ಹೆದರಿ ವಿಷಕ್ಕೆ ಕೈ ಚಾಚಿದಳೋ ಅವಳಿಗೇ ಈ ಹಾಡು ಸಂದಿದೆ. ಇದರ ಹಿಂದೆ ಇರುವುದು ಪಶ್ಚಾತ್ತಾಪ. ಆದ್ದರಿಂದಲೇ ಇದರಲ್ಲಿ ಹೊಗಳಿಕೆಗಿಂತ ನಾಚಿಕೆಯ ಮಾತು ಹೆಚ್ಚು.

ತಾಮ್ರದಲ್ಲಿ ಮಕ್ಕಳು, ಬಾಯಿಮಾತಿನಲ್ಲಿ ತಾಯಿ

ಪುರಂದರದಾಸರ ಸಂಸಾರಕ್ಕೆ ಚರಿತ್ರೆಯ ಆಧಾರ ಏನಾದರೂ ಇದೆಯೇ ಎಂದು ಕೇಳುವವರಿಗೆ ವಿದ್ವಾಂಸರು ತೋರಿಸುವುದು ಕಮಲಾಪುರದ ತಾಮ್ರಶಾಸನವನ್ನು. ಕಾಲ 1526. ಕೃಷ್ಣದೇವರಾಯ ವ್ಯಾಸರಾಯರಿಗೆ ಬಿಟ್ಟ ಊರಿನಲ್ಲಿ ಪಾಲು ಪಡೆದವರ ಪಟ್ಟಿಯಲ್ಲಿ ಪುರಂದರದಾಸರ ಮಕ್ಕಳೂ ಇದ್ದಾರೆ. ಲಕ್ಷ್ಮಣದಾಸ, ಹೇಬಣದಾಸ, ಮಧ್ವಪದಾಸ. ಮಕ್ಕಳ ಹೆಸರು ತಾಮ್ರದ ಮೇಲೆ ಉಳಿಯಿತು. ತಾಯಿಯ ಹೆಸರು ಉಳಿದದ್ದು ಜನರ ಬಾಯಿಮಾತಿನಲ್ಲಿ.

1964ರಲ್ಲಿ ಅಂಚೆ ಇಲಾಖೆ ಪುರಂದರದಾಸರ ಚೀಟಿ ಹೊರತಂದಿತು. ಅದೇ ವರ್ಷ ರಾಜಕುಮಾರ್ ದಾಸರಾಗಿ ನಟಿಸಿದ ‘ನವಕೋಟಿ ನಾರಾಯಣ’ ಚಿತ್ರವೂ ಬಂತು. ಟೆಂಟ್ ಟಾಕೀಸಿನ ಮಣ್ಣಿನ ಮೇಲೆ ಕೂತು ಸಿನಿಮಾ ನೋಡಿದ ಜನರಿಗೆ ಮೂಗುತಿಯ ಕತೆ ಹೊಸದೇನಾಗಿರಲಿಲ್ಲ. ಆಗಲೇ ಎಲ್ಲರಿಗೂ ಬಾಯಿಪಾಠವಾಗಿತ್ತು.

ಹೀಗೆ ಬಾಯಿಪಾಠವಾಗುವುದರಲ್ಲಿ ನಮ್ಮ ರಾಯಚೂರು ಸೀಮೆಯ ಪಾಲು ದೊಡ್ಡದು. ಪುರಂದರದಾಸರು ಕೂತು ಹಾಡುತ್ತಿದ್ದರೆನ್ನುವ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿದೆ. ಅದೇ ಹೊಳೆ ಕೆಳಗೆ ಹರಿದು ಬಂದು ಮಾನ್ವಿ ತಾಲ್ಲೂಕನ್ನು ಮುಟ್ಟುತ್ತದೆ. ಅಲ್ಲಿ ದಡದ ಮೇಲಿನ ಹಳ್ಳಿ ಚೀಕಲಪರವಿ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಅದಾಗಿ ನೂರು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ, 1682ರಲ್ಲಿ, ಚೀಕಲಪರವಿಯಲ್ಲಿ ವಿಜಯದಾಸರು ಹುಟ್ಟಿದರು. ಕನಸಿನಲ್ಲಿ ಪುರಂದರದಾಸರೇ ಬಂದು ತಮಗೆ ಅಂಕಿತ ಕೊಟ್ಟರೆಂದು ನಂಬಿದವರು ಅವರು. ಪುರಂದರದಾಸರ ಬದುಕಿನ ಬಗ್ಗೆ ನಾವು ಇವತ್ತು ಹೇಳುವ ಎಷ್ಟೋ ವಿವರಗಳು ವಿಜಯದಾಸರ ಮತ್ತು ಅವರ ಶಿಷ್ಯರ ಪದಗಳಿಂದಲೇ ಬಂದವು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಮುಂದೆ ಲಿಂಗಸೂಗೂರಿನಲ್ಲಿ ಗೊರೆಬಾಳ ಹನುಮಂತರಾಯರು ಹಸ್ತಪ್ರತಿಗಳನ್ನು ಕೂಡಿಹಾಕಿ ದಾಸರ ಪದಗಳ ಸಂಪುಟಗಳನ್ನು ಅಚ್ಚು ಹಾಕಿಸಿದರು. ಅದಕ್ಕೆ ಬಹಳ ಮೊದಲೇ, 1850ರಲ್ಲಿ, ಜರ್ಮನಿಯಿಂದ ಬಂದ ಪಾದ್ರಿ ಮೊಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಮುದ್ರಿಸಿದ್ದ.

ವಿಜಯದಾಸರ ಮನೆಯಲ್ಲೂ ಒಬ್ಬ ಸರಸ್ವತಿ ಇದ್ದಳು. ಅವಳ ಹೆಸರು ಅರಳಮ್ಮ. ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಗಂಡ ಊರು ಬಿಟ್ಟು ಕಾಶಿಗೆ ಹೋದವನು ತಂಬೂರಿ ಹಿಡಿದು ದಾಸನಾಗಿ ತಿರುಗಿ ಬಂದ. ಒಂದು ಸಲ ಹಂಪಿಯ ಚಕ್ರತೀರ್ಥದ ಬಳಿ ಕೂಸಿನೊಡನೆ ನೀರಿಗೆ ಬೀಳಲು ಹೊರಟಿದ್ದ ಹೆಣ್ಣೊಬ್ಬಳನ್ನು ವಿಜಯದಾಸರು ತಡೆದು ಮನೆಗೆ ಕರೆತಂದರಂತೆ. ಉಣ್ಣುವ ಬಾಯಿ ಮತ್ತೆ ಎರಡು ಹೆಚ್ಚಿದವು. ಅರಳಮ್ಮ ಆ ಕೂಸನ್ನು ಮಗನ ಹಾಗೆ ಸಾಕಿದಳು. ಅದೇ ಕೂಸು ಮುಂದೆ ಮೋಹನದಾಸರಾಗಿ ಹೆಸರಾಯಿತು. ದಾಸರು ಊರೂರು ಹಾಡುತ್ತ ಹೋದರು. ಹಿಂದೆ ಒಲೆ ಆರದ ಹಾಗೆ ನೋಡಿಕೊಂಡವರು ಇಂಥ ಹೆಂಗಸರು. ಅವರಿಗೆ ಅಂಕಿತವಿಲ್ಲ.

ಹಾಡುವವರು ಯಾರು?

‘ಆದದ್ದೆಲ್ಲ ಒಳಿತೇ ಆಯಿತು’ ಪದಕ್ಕೆ ದಾಸರು ಹಾಕಿದ್ದ ಧಾಟಿ ಯಾವುದೋ, ಅದು ಉಳಿದು ಬಂದಿಲ್ಲ. ಅವರ ಬಹುಪಾಲು ಪದಗಳ ಕತೆಯೂ ಇದೇ. ಸಾಹಿತ್ಯ ಉಳಿಯಿತು, ಮೂಲ ಧಾಟಿ ಕಳೆದುಹೋಯಿತು. ಆದ್ದರಿಂದ ಕಛೇರಿಯಲ್ಲಿ ಹಾಡುವವರದು ಒಂದು ರಾಗ, ಭಜನಾ ಮಂಡಳಿಯವರದು ಇನ್ನೊಂದು. ಪಂಡಿತ ಭೀಮಸೇನ ಜೋಶಿಯವರು ತಮ್ಮ ದಾಸವಾಣಿ ಕಾರ್ಯಕ್ರಮಗಳಲ್ಲಿ ಪುರಂದರದಾಸರ ಪದಗಳಿಗೆ ಹಿಂದುಸ್ತಾನಿಯ ಗತ್ತು ತಂದರು. ಮದ್ರಾಸಿನಲ್ಲಿ ಎಂ.ಎಲ್. ವಸಂತಕುಮಾರಿಯವರು ದಾಸರ ಪದಗಳನ್ನು ಕಛೇರಿಗಳಲ್ಲಿ ಹಾಡಿ ಹಾಡಿ ಕನ್ನಡ ಬಾರದವರಿಗೂ ಪರಿಚಯ ಮಾಡಿಸಿದರು.

ಆದರೆ ನಮ್ಮ ಕಡೆ ಈ ಹಾಡಿನ ನಿಜವಾದ ವಾರಸುದಾರರು ಹೆಂಗಸರು. ಶ್ರಾವಣ ಶುಕ್ರವಾರ, ಏಕಾದಶಿ, ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆ, ಯಾವುದೇ ಇರಲಿ, ತಾಳ ಹಿಡಿದು ಕೂರುವವರು ಅವರೇ. ಗಂಡನೊಬ್ಬ ಹೆಂಡತಿಗೆ ಹೇಳಿದ ಕೃತಜ್ಞತೆಯನ್ನು ಊರ ಹೆಂಡಂದಿರು ಕೂಡಿ ಹಾಡುತ್ತಾರೆ. ದಂಡಿಗೆಯ ನುಡಿ ಬಂದಾಗ ಅಲ್ಲಿ ಕೂತ ವಯಸ್ಸಾದವರ ತುಟಿಯ ಮೇಲೆ ಒಂದು ಸಣ್ಣ ನಗೆ ಸುಳಿಯುವುದನ್ನು ನೀವು ನೋಡಿರಬಹುದು. ತಮ್ಮ ಮನೆಯವರ ಬಾಯಿಂದ ಎಂದೂ ಕೇಳದ ಮಾತನ್ನು ದಾಸರ ಬಾಯಿಂದ ಕೇಳಿದ ನಗೆ ಅದು.

ಹಂಪಿಯ ಪುರಂದರ ಮಂಟಪ ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಎಷ್ಟೋ ಸಲ ಮುಳುಗಿಹೋಗುತ್ತದೆ. ನೀರು ಇಳಿದ ಮೇಲೆ ಕಂಬಗಳು ಮತ್ತೆ ಮೇಲೇಳುತ್ತವೆ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ನೀವು ಹೋದಾಗ ದಾಸರು ಕೂತಿದ್ದ ಜಾಗವನ್ನು ನೋಡಿ. ಹಾಗೆಯೇ, ಅಲ್ಲೇ ಎಲ್ಲೋ ಹತ್ತಿರದಲ್ಲಿ ಒಂದು ಗುಡಿಸಲು ಇದ್ದಿರಬೇಕು, ಅದರ ಮುಂದೆ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತ ಒಬ್ಬಾಕೆ ಕೂತಿದ್ದಿರಬೇಕು ಎಂದೂ ನೆನೆಯಿರಿ.

ಮಂತ್ರಾಲಯದ ಬಸ್ಸಿನಲ್ಲಿ ಪದ ಮುಗಿಯುವ ಹೊತ್ತಿಗೆ ಯರಗೇರಾ ಹಿಂದೆ ಸರಿದಿರುತ್ತದೆ. ಹಾಡಿದಾಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾಳೆ. ಕಿಟಕಿಯ ಬಿಸಿಲಿಗೆ ಅವಳ ಮೂಗುತಿ ಒಮ್ಮೆ ಮಿನುಗುತ್ತದೆ. ಅದು ತವರಿನವರು ಕೊಟ್ಟದ್ದೇ ಇರಬೇಕು.